ಕೊರೊನಾ ಹೋಯಿತು, ನಮ್ಮ ಹಿರಿಯರು ಮರಳಿದರೇ?



ಕೊರೊನಾ ಮುಗಿದು ನಾವೆಲ್ಲ ಹಳೆಯ ಓಡಾಟಕ್ಕೆ ಮರಳಿದ್ದೇವೆ. ನಮ್ಮ ಹಿರಿಯರು ಮರಳಿದ್ದಾರೆಯೇ? ಇವತ್ತು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ಮುಂಬಯಿಯ ಕನ್ನಡ ಬದುಕು ಬೆಳೆದದ್ದೇ ಲೋಕಲ್ ರೈಲಿನಿಂದ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬೊರಿವಲಿ, ಥಾಣೆ, ಡೊಂಬಿವಲಿಯಿಂದ ಜನ ಬರುತ್ತಿದ್ದುದು ಲೋಕಲ್‌ನಲ್ಲೇ. 2020ರ ಮಾರ್ಚ್‌ನಲ್ಲಿ ಅದು ನಿಂತಿತು. ನಡುವೆ ಕೆಲಕಾಲ ತೆರೆದು, ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ, ಎರಡು ಡೋಸ್ ಲಸಿಕೆ ಪಡೆದವರಿಗೆ ತೆರೆದದ್ದು 2021ರ ಆಗಸ್ಟ್ 15ರಿಂದ. ಅಷ್ಟರಲ್ಲಿ ಎಪ್ಪತ್ತೈದು ದಾಟಿದವರ ಮೊಣಕಾಲು ಸ್ಟೇಷನ್ ಸೇತುವೆಯ ಮೆಟ್ಟಿಲನ್ನೇ ಮರೆತಿತ್ತು. ದೂರದ ರೈಲುಗಳಲ್ಲಿ ಹಿರಿಯ ಮಹಿಳೆಯರಿಗಿದ್ದ ಶೇ. 50, ಪುರುಷರಿಗಿದ್ದ ಶೇ. 40 ರಿಯಾಯಿತಿಯೂ ಅದೇ ಮಾರ್ಚ್‌ನಲ್ಲಿ ನಿಂತಿತು. ಕೊರೊನಾ ಹೋದ ಮೇಲೂ ಮರಳಲಿಲ್ಲ. ಊರಿಗೆ ಹೋಗಿಬರುವುದೂ ದುಬಾರಿಯಾಯಿತು.

ಆ ದಿನಗಳಲ್ಲಿ ಒಂದು ಒಳ್ಳೆಯದೂ ಆಯಿತು. ಭಜನೆ, ಕವಿಗೋಷ್ಠಿ ಎಲ್ಲ ಜೂಮ್‌ಗೆ ಬಂದವು. ನಾನು ಐಟಿಯವಳು, ಎಷ್ಟೋ ಅಮ್ಮಂದಿರಿಗೆ ಮ್ಯೂಟ್ ತೆಗೆಯುವುದನ್ನು ಫೋನಿನಲ್ಲೇ ಹೇಳಿಕೊಟ್ಟಿದ್ದೇನೆ. ಸಭಾಗೃಹಗಳು ತೆರೆದ ಮೇಲೆ ಬಹಳ ಕಡೆ ಆ ಲಿಂಕ್ ಬರುವುದು ನಿಂತಿತು. ಮೆಟ್ಟಿಲು ಹತ್ತಲಾಗದವರಿಗೆ ಬಾಗಿಲು ಎರಡನೇ ಸಲ ಮುಚ್ಚಿತು.

ಇನ್ನು ನಾಗರಿಕ ಹಕ್ಕಿನ ಮಾತು. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರು ಮನೆಯಿಂದಲೇ ಮತ ಹಾಕಬಹುದಿತ್ತು. ಅದಕ್ಕೆ ಮೊದಲೇ 12ಡಿ ಅರ್ಜಿ ಕೊಡಬೇಕಿತ್ತು. ಪಿಂಚಣಿದಾರರು ಜೀವನ ಪ್ರಮಾಣ ಪತ್ರವನ್ನು ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿಯೇ ಸಲ್ಲಿಸಬಹುದು. ಸವಲತ್ತುಗಳಿವೆ, ಪಕ್ಕದಲ್ಲಿ ಕೂತು ಮಾಡಿಸುವವರು ಬೇಕು. ಅದೇ ಮೊಬೈಲ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ದುಡ್ಡು ಕೀಳುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಆದರೆ ಒಂಟಿಯಾಗಿರುವ ಹಿರಿಯರಿಗೆ, ‘ಇದು ನಿಜವೇನಮ್ಮಾ?’ ಎಂದು ಕೇಳಲು ಯಾರಿದ್ದಾರೆ?

ನನ್ನ ಸಲಹೆಗಳು ಮೂರು. ಮೊದಲನೆಯದು, ಪ್ರತಿ ಕಾರ್ಯಕ್ರಮಕ್ಕೂ ಆನ್‌ಲೈನ್ ಲಿಂಕ್ ಇರಲಿ. ಮನೆಯಲ್ಲಿರುವವರು ಬರೀ ನೋಡುವುದಲ್ಲ, ಅವರ ಹಾಡಿಗೆ, ಮಾತಿಗೆ ಐದು ನಿಮಿಷ ಮೀಸಲಿಡೋಣ. ಎರಡನೆಯದು, ಒಂದೇ ಬಡಾವಣೆಯ ಒಬ್ಬ ಹಿರಿಯರಿಗೆ ಒಬ್ಬ ಕಿರಿಯರು ಜೊತೆಯಾಗಲಿ: ವಾರಕ್ಕೊಂದು ಫೋನ್, ಕಾರ್ಯಕ್ರಮಕ್ಕೆ ಒಂದೇ ರಿಕ್ಷಾದಲ್ಲಿ ಪಯಣ. ಮೂರನೆಯದು, ಜೀವನ ಪ್ರಮಾಣ ಪತ್ರ ಕೊಡುವ ತಿಂಗಳು ನವೆಂಬರ್. ನಮ್ಮ ರಾಜ್ಯೋತ್ಸವವೂ ಅದೇ ತಿಂಗಳು. ಆ ದಿನ ಸಭಾಗೃಹದಲ್ಲಿ ಒಂದು ಸಹಾಯದ ಮೇಜು ಹಾಕೋಣ. ಹಿರಿಯರ ಸಹಾಯವಾಣಿ 14567, ಸೈಬರ್ ವಂಚನೆಗೆ 1930, ಈ ಎರಡು ನಂಬರ್‌ಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಡೋಣ.

ಸಂಘ ಕಟ್ಟಿದವರಿಗೆ ವರ್ಷಕ್ಕೊಮ್ಮೆ ಶಾಲು ಹೊದೆಸಿದರೆ ಸಾಲದು. ಮುಂದಿನ ಸಭೆಗೆ ಯಾರು ಯಾರನ್ನು ಕರೆತರುತ್ತೀರಿ ಎಂದು ಇಂದೇ ಹೆಸರು ಬರೆಸಿ ಹೋಗಿ. ಮೊದಲ ಹೆಸರು ನನ್ನದಿರಲಿ.