ಬಸುರಿಯ ಊಟ ಮನೆಮಂದಿಯ ಹೊಣೆ

(ಗುಂಡ್ಲುಪೇಟೆ ತಾಲ್ಲೂಕಿನ ತಾಯಂದಿರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬಿತ್ತುವ ಮೊದಲು ಹೊಲಕ್ಕೆ ಗೊಬ್ಬರ ಹಾಕಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ವಿಷಯದಲ್ಲಿಯೂ ಅದೇ ಮಾತು. ಹುಟ್ಟಿದ ಮೇಲೆ ಆರೈಕೆ ಮಾಡಿದರಾಯಿತು ಎಂದುಕೊಂಡರೆ ತಡವಾಗುತ್ತದೆ. ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕದ ಕೂಸು ಬೇಗ ಕಾಯಿಲೆ ಬೀಳುತ್ತದೆ. ರಕ್ತ ಕಡಮೆಯಿರುವ ತಾಯಿಗೆ ಹೆರಿಗೆಯಲ್ಲಿ ಪ್ರಾಣಕ್ಕೇ ಅಪಾಯ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯ ದೇಶದಲ್ಲಿ ಆರಂಭವಾಯಿತು. 1975ರ ಅದೇ ದಿನ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 33 ಕಡೆಗಳಲ್ಲಿ ಮೊದಲಾಯಿತು. ಅವುಗಳಲ್ಲೊಂದು ನಮ್ಮ ನೆರೆಯ ತಿರುಮಕೂಡಲು ನರಸೀಪುರ. ಅಂಗನವಾಡಿಗಳು ನಮಗೆ ಬಂದದ್ದು ಈ ಯೋಜನೆಯಿಂದ. ಬಸುರಿಗೆ, ಹೆತ್ತ ಮೇಲೆ ಆರು ತಿಂಗಳವರೆಗೆ ಬಾಣಂತಿಗೆ ಅಂಗನವಾಡಿಯ ಮೂಲಕ ಉಚಿತ ಊಟ ಸಿಗಬೇಕೆಂದು 2013ರ ಆಹಾರ ಭದ್ರತಾ ಕಾಯಿದೆ ವಿಧಿಸಿದೆ. ಇದು ಭಿಕ್ಷೆಯಲ್ಲ, ಹಕ್ಕು. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಜಾರಿಗೆ ಬಂದಿತು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಜೊತೆಗೆ ಕಬ್ಬಿಣಾಂಶದ ಮಾತ್ರೆ.

ಅಂಗನವಾಡಿಗೇ ಬಂದು ಉಣ್ಣಬೇಕೆಂದು ಏಕೆ ಗೊತ್ತುಮಾಡಿದರು? ಮೊದಲು ಧಾನ್ಯವನ್ನು ಮನೆಗೆ ಕೊಡುತ್ತಿದ್ದರು. ಅದು ಒಂದೇ ಮಡಕೆಯಲ್ಲಿ ಬೆಂದು ಎಲ್ಲರ ಪಾಲಾಗುತ್ತಿತ್ತು. ಗಂಡಸರು, ಮಕ್ಕಳು, ಹಿರಿಯರು ಉಂಡ ಮೇಲೆ ತಳದಲ್ಲಿ ಉಳಿದದ್ದು ಸೊಸೆಗೆ. ಯಾರಿಗಾಗಿ ಬಂದ ಧಾನ್ಯವೋ ಅವಳ ಹೊಟ್ಟೆಗೇ ಅದು ಸೇರುತ್ತಿರಲಿಲ್ಲ.

ಆದರೆ ಬಡಿಸಿದ ಮಾತ್ರಕ್ಕೆ ಊಟವಾಗುವುದಿಲ್ಲ, ಉಣ್ಣುವವಳು ಬರಬೇಕು. ತಡೆಗಳು ಮೂರು. ಸೊಸೆ ಹೊರಗೆ ಉಂಡರೆ ಮನೆಯ ಮರ್ಯಾದೆ ಹೋಯಿತೆನ್ನುವ ಅತ್ತೆಯರೇ, ನಿಮ್ಮ ಮೊಮ್ಮಗುವೇ ಅಲ್ಲಿ ಉಣ್ಣುವುದೆಂದು ತಿಳಿಯಿರಿ. ವಾರಕ್ಕೊಮ್ಮೆಯಾದರೂ ನೀವೇ ಅವಳ ಜೊತೆಗೆ ಹೋಗಿ. ಅಡಿಗೆ ಮಾಡಿದವರು ಯಾವ ಜಾತಿ ಎಂದು ಕೇಳುವವರೇ, ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ತೊಡೆದುಹಾಕಿದೆ. ಹೊಟ್ಟೆಯಲ್ಲಿರುವ ಕೂಸಿಗಂತೂ ಜಾತಿ ಗೊತ್ತಿಲ್ಲ. ಮೂರನೆಯದು ದೂರ. ಕಾಡಂಚಿನ ಸೋಲಿಗರ ಪೋಡುಗಳಿಂದ, ದೂರದ ಹೊಲಗಳ ಕೂಲಿ ಕೆಲಸದಿಂದ, ತುಂಬು ಗರ್ಭಿಣಿ ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಬರುವುದು ಸುಲಭವಲ್ಲ. ಇದಕ್ಕೆ ಅವಳನ್ನು ದೂರಬಾರದು. ಊಟ ಅವಳಿದ್ದಲ್ಲಿಗೆ ತಲಪುವ ಏರ್ಪಾಡಾಗಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ.

ಕೊಡಗಿನ ತೋಟಗಳಿಗೆ, ಕೇರಳದ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುವವರು ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿ ಬಿಡದೆ ಜೊತೆಗೊಯ್ಯಿರಿ. ಹೋದ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಿರಿ.

ಸ್ತ್ರೀಶಕ್ತಿ ಸಂಘದ ಸೋದರಿಯರಲ್ಲಿ ಒಂದು ಬಿನ್ನಹ. ನಿಮ್ಮ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದೊಡನೆ ಇನ್ನೊಂದು ಲೆಕ್ಕವನ್ನೂ ಇಡಿರಿ: ನಮ್ಮ ಬೀದಿಯಲ್ಲಿ ಬಸುರಿಯರು ಎಷ್ಟು ಮಂದಿ, ಈ ವಾರ ಊಟಕ್ಕೆ ಬಂದವರು ಎಷ್ಟು ಮಂದಿ? ಬಾರದವಳ ಮನೆಗೆ ಮಾರನೆಯ ದಿನವೇ ಇಬ್ಬರು ಹೋಗಿ ಬನ್ನಿರಿ.