ದೊಡ್ಡಪ್ಪನ ಪದ್ಮಿನಿ, ನಮ್ಮನೆ ವ್ಯಾಗನಾರ್: ಲೆಕ್ಕ ಹಾಕೋಣ ಬನ್ನಿ

 

ಇವತ್ತು ಎರಡು ಕಾರುಗಳ ವಿಷಯ. ಎರಡೂ ಕೆಂಗೇರಿ ಉಪನಗರದಲ್ಲಿ ಒಂದೇ ರಸ್ತೇಲಿ ನಿಲ್ಲುತ್ತವೆ. ಒಂದು ನಮ್ಮ ದೊಡ್ಡಪ್ಪನ 1975ರ ಪ್ರೀಮಿಯರ್ ಪದ್ಮಿನಿ. ಇನ್ನೊಂದು ನಮ್ಮನೆ ವ್ಯಾಗನಾರ್, ಒಂದು ಲೀಟರ್ ಎಂಜಿನ್‌ದು. ಪದ್ಮಿನಿ ನಂಬರ್ ಶುರುವಾಗೋದು 'ಸಿಎ' ಅಂತ. 'ಕೆಎ' ಬರೋಕೆ ಮುಂಚೆ ನಮ್ಮ ರಾಜ್ಯದ ಗಾಡಿಗಳಿಗೆ ಹಾಗಿತ್ತು. ದೊಡ್ಡಪ್ಪನಿಗೆ ಈಗ 74. ಮಗ "ಮಾರಿಬಿಡಪ್ಪ" ಅಂತಾನೆ. "ಬಿಕಾಂ ಓದಿದ್ದೀಯಲ್ಲ, ನೀನೇ ಲೆಕ್ಕ ಹಾಕಿ ಹೇಳೋ" ಅಂತ ದೊಡ್ಡಪ್ಪ ನನ್ನ ಹಿಡ್ಕೊಂಡಿದ್ದಾರೆ.

ಮೊದಲು ಎಂಜಿನ್. ಪದ್ಮಿನಿದು 1089 ಸಿಸಿ, ಸುಮಾರು 40 ಬಿಎಚ್‌ಪಿ. ವ್ಯಾಗನಾರ್‌ದು 998 ಸಿಸಿ, ಸುಮಾರು 66. ಚಿಕ್ಕ ಎಂಜಿನ್ನೇ ಜಾಸ್ತಿ ಎಳೆಯುತ್ತೆ! ಪದ್ಮಿನೀಲಿ ಪೆಟ್ರೋಲು, ಗಾಳಿ ಬೆರೆಸೋದು ಕಾರ್ಬುರೇಟರ್. ಡಿಸೆಂಬರ್ ಬೆಳಿಗ್ಗೆ ಚೋಕ್ ಎಳೀದೆ ಅದು ಏಳಲ್ಲ. ವ್ಯಾಗನಾರ್‌ನಲ್ಲಿ ಕಂಪ್ಯೂಟರೇ ಕ್ಷಣಕ್ಷಣಕ್ಕೂ ಅಳೆದು ಪೆಟ್ರೋಲ್ ಬಿಡುತ್ತೆ. ಆದ್ರೆ ಪದ್ಮಿನಿ ಕೆಟ್ಟರೆ ಬಾನೆಟ್ ಎತ್ತಿ ಒಂದು ಸ್ಕ್ರೂಡ್ರೈವರ್‌ನಲ್ಲಿ ಅರ್ಧ ಸಮಸ್ಯೆ ಬಗೆಹರಿಸಬಹುದು. ಸ್ಟೀರಿಂಗ್ ಪಕ್ಕದ ಗೇರ್ ಹಾಕೋ ಮಜಾ, ಮುಂದೆ ಸೋಫಾ ಥರ ಉದ್ದ ಸೀಟು, ಅದೆಲ್ಲ ಬೇರೇನೇ ಬಿಡಿ.

ಬ್ರೇಕ್ ವಿಷಯಕ್ಕೆ ಬಂದ್ರೆ ನನಗೆ ಮಜಾ ಅನ್ಸಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್, ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಮೈಸೂರು ರಸ್ತೇಲಿ ಮುಂದಿನ ಬಸ್ಸು ತಟ್ಟಂತ ನಿಂತ್ರೆ? ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ವ್ಯಾಗನಾರೇ ಹೊರಡಬೇಕು, ಅದರಲ್ಲಿ ಚರ್ಚೆನೇ ಇಲ್ಲ.

ಇನ್ನು ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗೋದು ಇ20, ಅಂದ್ರೆ ಶೇ 20ರಷ್ಟು ಎಥೆನಾಲ್. ಅದು ನೀರಿನಂಶ ಹೀರುತ್ತೆ, ಹಳೇ ಕಾಲದ ರಬ್ಬರ್ ಪೈಪು, ವಾಷರ್‌ಗಳನ್ನ ಕೆಡಿಸುತ್ತೆ. ಹೊಸ ಪೈಪು ಹಾಕಿಸೋದು ಮುಂದೂಡೋ ಖರ್ಚಲ್ಲ. ಪೆಟ್ರೋಲ್ ಸೋರಿದ್ರೆ ಬೆಂಕಿ.

ಕೊನೇದು ಕಾಗದಪತ್ರ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಬದಲಾಗದ ಗಾಡಿ 'ವಿಂಟೇಜ್'. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಹಳೇ ನಂಬರೂ ಉಳಿಸ್ಕೋಬಹುದು. ವಿಂಟೇಜ್ ಬೇಡ ಅಂದ್ರೆ ಮಾಮೂಲಿ ಆರ್‌ಸಿ: 20 ವರ್ಷ ದಾಟಿದ ಕಾರಿಗೆ 2025ರಿಂದ ನವೀಕರಣ 10,000 ರೂಪಾಯಿ, ಅದೂ ಐದೇ ವರ್ಷಕ್ಕೆ. ಹೇಗೆ ಹಾಕಿದ್ರೂ ವರ್ಷಕ್ಕೆ 2,000! ತೆರಿಗೆ, ತಪಾಸಣೆ ಬೇರೆ.

ಹಾಗಾದ್ರೆ ವಿಂಟೇಜೇ ಮಾಡ್ಸಿ ಅಂತೀರಾ? ಸಿಕ್ಕು ಅಲ್ಲೇ ಇರೋದು. ವಿಂಟೇಜ್ ಆದ್ರೆ ದಿನನಿತ್ಯದ ಓಡಾಟಕ್ಕೆ ತೆಗೆಯೋ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ಇದನ್ನ ಹೇಳಿದಾಗ ದೊಡ್ಡಪ್ಪ, "ಓಡಿಸ್ದೆ ಇರೋ ಕಾರು ಇಟ್ಕೊಂಡು ಏನು, ದಿನಾ ಮಂಗಳಾರತಿ ಎತ್ಲಾ?" ಅಂದ್ರು.

ಅವರಿಗೆ ಬೇಕಾಗಿರೋದು ಭಾನುವಾರ ದೊಡ್ಡಮ್ಮನ ಜತೆ ತರಕಾರಿ ತರೋ ಎರಡು ಕಿಲೋಮೀಟರ್. ಅದಕ್ಕೆ ನನ್ನ ಓಟು ಮಾಮೂಲಿ ಆರ್‌ಸಿಗೇ. ಷರತ್ತು ಎರಡು: ಉಪನಗರ ಬಿಟ್ಟು ಆಚೆ ಹೋಗಬಾರದು, ಪೈಪು, ಬ್ರೇಕ್ ಲೈನಿಂಗ್ ಬದಲಾಯಿಸೋವರೆಗೆ ಬೀಗದಕೈ ಮಗನ ಹತ್ರ. ಎರಡನೇದಕ್ಕೆ ದೊಡ್ಡಪ್ಪ ಇನ್ನೂ ಹೂಂ ಅಂದಿಲ್ಲ. ಮೆಕ್ಯಾನಿಕ್ ಶನಿವಾರ ಬರ್ತಾರೆ.