ಮುತ್ಯಾನ ಸೈಕಲ್ ಹೊಳೀತು, ಬ್ರೇಕ್ ಹಿಡೀಲಿಲ್ಲ

 

ಹೋದ ತಿಂಗಳು ರಾತ್ರಿ ನಿದ್ದೆ ಬರದೆ ಫೋನ್ ನೋಡ್ತಿದ್ದೆ. ಒಂದು ವಿಡಿಯೊ ಸಿಕ್ತು. ಯಾರೋ ಒಬ್ಬರು ಮನೆಯಲ್ಲಿ ಬಿದ್ದಿದ್ದ ಅಜ್ಜನ ಕಾಲದ ಸ್ಕೀ ರಿಪೇರಿ ಮಾಡ್ತಿದ್ರು. ಸ್ಕೀ ಅಂದ್ರೆ ಹಿಮದ ಮೇಲೆ ಜಾರೋಕೆ ಕಾಲಿಗೆ ಕಟ್ಟಿಕೊಳ್ಳೋ ಉದ್ದನೆಯ ಪಟ್ಟಿ. ಗುಲ್ಮಾರ್ಗ್‌ನ ರೀಲ್ಸ್‌ನಲ್ಲಿ ನೋಡಿರ್ತೀರಿ. ಇಲ್ಲಿ ವಾಡಿಯಲ್ಲಿ ಫ್ಯಾನು ಬಿಸಿಗಾಳಿ ಬೀಸ್ತಿತ್ತು, ನಾನು ಹಿಮದ ವಿಡಿಯೊ ಪೂರ್ತಿ ನೋಡಿದೆ. ಯಾಕಂದ್ರೆ ಅವರು ಮಾಡಿದ ಕೆಲಸದಲ್ಲಿ ನನ್ನ ಒಂದು ತಪ್ಪು ಕಾಣಿಸ್ತು.

ಆ ತಪ್ಪು ಏನು ಅಂತ ಮೊದಲು ಹೇಳಿಬಿಡ್ತೀನಿ.

ನಮ್ಮ ಮುತ್ಯಾ ಸಿಮೆಂಟ್ ಫ್ಯಾಕ್ಟರಿಗೆ ಶಿಫ್ಟ್ ಡ್ಯೂಟಿಗೆ ಹೋಗ್ತಿದ್ದದ್ದು ಅಟ್ಲಾಸ್ ಸೈಕಲ್ ಮೇಲೆ. 28 ಇಂಚಿನ ಗಾಲಿ, ಕಂಬಿ ಬ್ರೇಕ್, ಹಿಂದೆ ಕ್ಯಾರಿಯರ್. ಮುತ್ಯಾ ಹೋದ ಮೇಲೆ ಅದು ಹಿತ್ತಲಲ್ಲೇ ನಿಂತಿತ್ತು. ಭಂಗಾರದವನಿಗೆ ಕೊಡೋಣ ಅಂತ ಅಪ್ಪ ಅಂದಾಗ ನಾನೇ ತಡೆದೆ. ಮೂರು ಭಾನುವಾರ ಕೂತು ತುಕ್ಕು ಉಜ್ಜಿದೆ, ಕರೀ ಬಣ್ಣ ಹೊಡೆದೆ, ಹೊಸ ಸೀಟು ಹಾಕಿಸಿದೆ. ಫೋಟೊಗೆ ಲೈಕು ಚೆನ್ನಾಗಿಯೇ ಬಂತು.

ನಾಲ್ಕನೇ ಭಾನುವಾರ ತಮ್ಮ ಅದನ್ನ ತಗೊಂಡು ಹೋದ. ಊರ ಹೊರಗಿನ ಇಳಿಜಾರಲ್ಲಿ ಬ್ರೇಕ್ ಒತ್ತಿದ್ದಾನೆ, ಹಿಡಿದಿಲ್ಲ. ಸೀದಾ ಹೋಗಿ ರಸ್ತೆ ಬದಿಗೆ ಪೇರಿಸಿಟ್ಟಿದ್ದ ಫರಸಿ ಕಲ್ಲಿಗೆ ಗುದ್ದಿದ. ಗದ್ದಕ್ಕೆ ನಾಲ್ಕು ಹೊಲಿಗೆ. ಅವ್ವ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ.

ಸೈಕಲ್ ರಿಪೇರಿ ಮಾಡೋ ಚಾಚಾ ನೋಡಿ ಒಂದೇ ಮಾತು ಕೇಳಿದ್ರು: "ಬೇಟಾ, ಬಣ್ಣ ಛಲೋ ಹಚ್ಚೀದಿ. ಬ್ರೇಕಿನ ರಬ್ಬರ್ ಮುಟ್ಟಿ ನೋಡೀದೇನು?"

ನೋಡಿರಲಿಲ್ಲ. ರಬ್ಬರ್ ಕಲ್ಲಿನಂಗೆ ಆಗಿತ್ತು. ರಬ್ಬರ್ ಉಪಯೋಗಿಸದೆ ಇಟ್ಟರೂ ಒಣಗಿ ಗಟ್ಟಿಯಾಗ್ತದೆ. ಸವೆದಿಲ್ಲ, ನೋಡೋಕೆ ಸರಿ ಇದೆ, ಆದ್ರೆ ಹಿಡಿಯೋದಿಲ್ಲ.

ಈಗ ಸ್ಕೀ ವಿಡಿಯೊಗೆ ಬರೋಣ. ಹಳೇ ಸ್ಕೀಗಳು ಮರದವು. ಅವರು ಆ ಮರವನ್ನ ಉಳಿಸಿಕೊಂಡ್ರು. ಅಡಿಭಾಗ ಕೆರೆದು, ನೀರು ಹೀರದ ಹಾಗೆ ಪೈನ್ ಮರದ ಟಾರ್ ಬಿಸಿ ಮಾಡಿ ಹಚ್ಚಿದ್ರು. ಆದ್ರೆ ಬೂಟನ್ನ ಸ್ಕೀಗೆ ಹಿಡಿದಿಡೋ ಹಳೇ ಬೈಂಡಿಂಗ್ ಇರ್ತದಲ್ಲ, ಅದನ್ನ ಕಳಚಿ ಪಕ್ಕಕ್ಕಿಟ್ರು. ಈಗಿನ ಬೈಂಡಿಂಗ್, ಬಿದ್ದಾಗ ಬೂಟನ್ನ ಬಿಟ್ಟುಬಿಡ್ತದೆ. ಹಳೇ ಕೇಬಲ್ಲಿನದು ಬಿಡೋದಿಲ್ಲ, ಕಾಲೇ ಮುರೀತದೆ. ಕಂಪನಿ ತನ್ನ ಪಟ್ಟಿಯಿಂದ ತೆಗೆದುಹಾಕಿದ ಬೈಂಡಿಂಗ್ ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿನ ಅಂಗಡಿಯವರು ಸಾಮಾನ್ಯವಾಗಿ ಅದಕ್ಕೆ ಕೈ ಹಚ್ಚೋದಿಲ್ಲ.

ನಾನು ಬಿ.ಕಾಂ. ಓದುವಾಗ ಸವಕಳಿ ಲೆಕ್ಕದಲ್ಲಿ ಇದೇ ಮಾತಿತ್ತು. 2013ರ ಕಂಪನಿ ಕಾಯ್ದೆ ಪ್ರಕಾರ, ಒಂದೇ ಯಂತ್ರದ ಮುಖ್ಯ ಭಾಗವೊಂದರ ಆಯಸ್ಸು ಬೇರೆ ಇದ್ರೆ ಅದರ ಸವಕಳೀನೂ ಬೇರೆ ಹಾಕಬೇಕು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಹಿತ್ತಲಲ್ಲಿ ನೆನಪಾಗಲಿಲ್ಲ. ಸೈಕಲ್ಲಿನ ಫ್ರೇಮು, ಚೈನು, ರಬ್ಬರ್ ಮೂರೂ ಒಂದೇ ವೇಗದಲ್ಲಿ ಹಳೇದಾಗೋದಿಲ್ಲ.

ಆಮೇಲೆ ಚಾಚಾ ಜೊತೆ ಕೂತು ಎಲ್ಲಾ ಮೊದಲಿಂದ ಬಿಚ್ಚಿದೆ. ನಿಮ್ಮ ಮನೇಲೂ ಇಂಥ ಸೈಕಲ್ ಇದ್ರೆ ಕೇಳಿ.

ಮೊದಲು ಫ್ರೇಮು. ಪೈಪುಗಳು ಕೂಡೋ ಜಾಗದಲ್ಲಿ ಬಿರುಕು ಇದೆಯಾ ನೋಡಿ. ಬಣ್ಣ ಹೊಡೆಯೋಕಿಂತ ಮುಂಚೆಯೇ ನೋಡಬೇಕು, ಬಣ್ಣ ಬಿರುಕನ್ನ ಮುಚ್ಚಿಬಿಡ್ತದೆ. ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಜೋರು ಮಾಡಬೇಡಿ. ಎಡಗಡೆ ಪೆಡಲ್ಲಿಗೆ ಉಲ್ಟಾ ಮರೆ ಇರ್ತದೆ, ಬಿಚ್ಚೋಕೆ ಬಲಕ್ಕೆ ತಿರುಗಿಸಬೇಕು.

ಆಮೇಲೆ ಬೇರಿಂಗು. ನಮ್ಮ ಕಡೆ ಸಿಮೆಂಟು, ಕಲ್ಲಿನ ಧೂಳು ಜಾಸ್ತಿ. ಅದು ಗ್ರೀಸ್ ಜೊತೆ ಸೇರಿದ್ರೆ ಸಾಣೆ ಹಿಡಿದಂಗೆ ಒಳಗೊಳಗೇ ತೇಯ್ತದೆ. ಛರ್ರಾ ತೆಗೆದು ಎಣಿಸಿ, ತೊಳೆದು, ಒಂದರಲ್ಲಿ ಗುಳಿ ಬಿದ್ದಿದ್ರೂ ಅಷ್ಟನ್ನೂ ಬದಲಿಸಿ.

ಚೈನಿಗೆ ಸ್ಕೇಲ್ ಹಿಡೀರಿ. ಒಂದು ಪಿನ್ನಿನ ನಡುವಿಂದ ಶುರುಮಾಡಿ 24 ಕೊಂಡಿ ದಾಟಿದ್ರೆ ಸರಿಯಾಗಿ 12 ಇಂಚು ಬರಬೇಕು. ಅದಕ್ಕಿಂತ ಎಂಟನೇ ಒಂದು ಇಂಚು ಹೆಚ್ಚಾದ್ರೆ ಆ ಚೈನಿನ ಕೆಲಸ ಮುಗೀತು.

ಬ್ರೇಕ್ ರಬ್ಬರ್, ಟೈರು, ಟ್ಯೂಬು, ಪೆಡಲ್ ಕಡ್ಡಿ ಹಿಡಿಯೋ ಕಾಟರ್ ಪಿನ್ನು ಇವನ್ನ ನೋಡೋದೇ ಬೇಡ, ಹೊಸದು ಹಾಕಿ. ಕಂಬಿ ಬ್ರೇಕು, ಸ್ಟೀಲ್ ರಿಮ್ಮು ಮಳೇಲಿ ಮೊದಲೇ ಕಡಿಮೆ ಹಿಡೀತವೆ, ಅದಕ್ಕೇ ನಿಧಾನ ಹೋಗಿ. ರಾತ್ರಿಗೆ ಎಲ್‌ಇಡಿ ಲೈಟ್ ಇರಲಿ.

ಬಿಡಿ ಭಾಗ ಸಿಗ್ತದಾ ಅಂತ ಕೇಳ್ತೀರಿ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್, 2020ರ ಜೂನ್ 3ರಂದು ಸಾಹಿಬಾಬಾದ್‌ನ ಫ್ಯಾಕ್ಟರಿಯಲ್ಲಿ ಕೆಲಸ ನಿಲ್ಲಿಸ್ತು. ನಮ್ಮ ಶಹಾಬಾದ್ ಅಲ್ಲ, ದಿಲ್ಲಿ ಹತ್ತಿರದ್ದು. ಅವತ್ತೇ ವಿಶ್ವ ಸೈಕಲ್ ದಿನ. ಆದ್ರೂ ಈ ಅಳತೆಯ ಸಾಮಾನು ಎಷ್ಟೋ ಕಂಪನಿಗಳ ಸೈಕಲ್ಲಿಗೆ ಒಂದೇ. ಹಾಗಾಗಿ ನನಗೆ ಎಲ್ಲಾ ಚಾಚಾನ ಅಂಗಡಿಯಲ್ಲೇ ಸಿಕ್ತು.

ಮತ್ತೆ ಫ್ರೇಮೇ ಬಿರುಕು ಬಿಟ್ಟಿದ್ರೆ? ಸವಾರಿ ಆಸೆ ಬಿಡಿ. ಅವರು ಓಡಿಸೋಕಾಗದ ಸ್ಕೀಯಿಂದ ಕೂರೋ ಬೆಂಚು ಮಾಡ್ತಾರೆ. ನೀವು ರಿಮ್ಮಿಗೆ ಹೀರೇಬಳ್ಳಿ ಹಬ್ಬಿಸಿ, ಕ್ಯಾರಿಯರ್ ಗೋಡೆಗೆ ಹೊಡೆದು ಪುಸ್ತಕ ಇಡಿ. ಅದೂ ಹಿರಿಯರ ನೆನಪೇ. ನೆನಪಿನ ಮೇಲೆ ಜೀವ ಇಟ್ಟು ಇಳಿಜಾರಿಗೆ ಹೋಗೋದು ಬೇಡ ಅಷ್ಟೇ.

ತಮ್ಮ ಈಗಲೂ ಅದೇ ಸೈಕಲ್ ಮೇಲೆ ಹೋಗ್ತಾನೆ. ಹತ್ತೋ ಮುಂಚೆ ಎರಡೂ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನ ಮುಂದಕ್ಕೆ ದೂಡಿ ನೋಡ್ತಾನೆ. ಗಾಲಿ ತಿರುಗಿದ್ರೆ ಇಳಿಸಿ ವಾಪಸ್ ಹಿತ್ತಲಿಗೆ. ಅವ್ವ ಬಾಗಿಲಲ್ಲಿ ನಿಂತು ಅದನ್ನೇ ನೋಡ್ತಿರ್ತಾಳೆ.

ನಿಮ್ಮ ಹಿತ್ತಲಲ್ಲಿ ಏನಿದೆ ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಶರಣು.